ಮಳೆಗೆ ಒಡ್ಡಿದ ಹಲಗೆ

ಮಂಗಳೂರಿನ ಕದ್ರಿ, ಬೆಂದೂರು, ಜೆಪ್ಪು ಪರಿಸರದ ಹಳೆಯ ಹಂಚಿನ ಮನೆಗಳು ಒಂದೊಂದಾಗಿ ನೆಲಕ್ಕುರುಳುತ್ತಿವೆ. ಅವುಗಳ ಜಾಗದಲ್ಲಿ ಏಳುವ ತಾರಸಿ ಮನೆಗಳಿಗೆ ಈಚಿನ ವರ್ಷಗಳಲ್ಲಿ ಹೊಸದೊಂದು ಅಂಗ ಸೇರಿಕೊಂಡಿದೆ. ಹಿತ್ತಿಲಿನ ಕಡೆಗೋ, ತಾರಸಿಯ ಮೇಲೋ ಹಲಗೆ ಹಾಸಿ ಕಟ್ಟಿದ, ಸೂರಿಲ್ಲದ ಜಗಲಿ ಅದು. ವಾಸ್ತುಶಿಲ್ಪಿಗಳ ಮಾತಿನಲ್ಲಿ 'ಡೆಕ್'. ಅದಕ್ಕೆ ಮರದ ಹಲಗೆ ಹಾಸಬೇಕೋ, ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ ತಯಾರಿಸಿದ ಮಿಶ್ರ ಹಲಗೆ ಹಾಸಬೇಕೋ ಎಂಬುದು ಮನೆ ಕಟ್ಟಿಸುವವರ ಮುಂದಿರುವ ಪ್ರಶ್ನೆ.

ಮಿಶ್ರ ಹಲಗೆ ಮಾರುವವರ ವಾದ ಸರಳವಾಗಿದೆ: ಮರ ಕಡಿಯಬೇಕಿಲ್ಲ, ಗೆದ್ದಲು ಹತ್ತದು, ವರ್ಷವರ್ಷ ಎಣ್ಣೆ ಬಳಿಯುವ ಗೋಜಿಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿ ನಿಂತದ್ದನ್ನು ಮರೆಯದ ನಾಡಿನಲ್ಲಿ, 'ಮರ ಉಳಿಸುವ ಹಲಗೆ' ಎಂಬ ಮಾತಿಗೆ ಮನಸೋಲುವುದು ಸಹಜವೇ. ಪರಿಸರದ ಕಾಳಜಿಯುಳ್ಳ ಕುಟುಂಬಗಳೇ ಈ ಹಲಗೆಯನ್ನು ಮೊದಲು ಆರಿಸಿಕೊಳ್ಳುತ್ತಿರುವುದರಿಂದ ಅದರ ಗುಣದೋಷಗಳನ್ನು ತುಸು ವಿವರವಾಗಿ ನೋಡುವುದು ಅಗತ್ಯ.

ಡಬ್ಲ್ಯು.ಪಿ.ಸಿ. ಎಂಬ ಹೆಸರಿನಲ್ಲಿ ಬರುವ ಸರಕೆಲ್ಲ ಒಂದೇ ಅಲ್ಲ. ಹೊರಾಂಗಣಕ್ಕೆಂದು ತಯಾರಾಗುವ ಹಲಗೆಯಲ್ಲಿ ಸ್ಥೂಲವಾಗಿ ಅರ್ಧ ಮರದ ಪುಡಿ, ಉಳಿದರ್ಧ ಪಾಲಿಎಥಿಲೀನ್. ಬಾಗಿಲು, ಕಪಾಟುಗಳಿಗೆ ಅದೇ ಹೆಸರಿನಲ್ಲಿ ಮಾರಾಟವಾಗುವ ಹಲಗೆಗಳಲ್ಲಿ ಬಹುಪಾಲು ಪಿ.ವಿ.ಸಿ.ಯೇ, ಮರದ ಪುಡಿ ಹೆಸರಿಗಷ್ಟೇ. ಎರಡೂ ಬಿಸಿಲಿಗೆ ಹಿಗ್ಗುತ್ತವೆ. ಹತ್ತು ಅಡಿ ಉದ್ದದ ಮಿಶ್ರ ಹಲಗೆ ಮುಂಜಾನೆಯಿಂದ ನಡುಹಗಲಿಗೆ ನಾಲ್ಕೈದು ಮಿಲಿಮೀಟರ್ ಬೆಳೆದೀತು. ಜೋಡಣೆಯಲ್ಲಿ ಅಷ್ಟು ಸಂದು ಬಿಡದಿದ್ದರೆ ಹಲಗೆ ಉಬ್ಬಿ ಏಳುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅದರ ಮೇಲೆ ಬರಿಗಾಲಿಡುವುದು ಕಷ್ಟ. ಮರದಷ್ಟು ಬಿಗುವು ಅದಕ್ಕಿಲ್ಲ. ಭಾರ ಹೊತ್ತಂತೆ ಜೋಲುತ್ತದೆ. ಆದ್ದರಿಂದ ಕೆಳಗಿನ ಅಡ್ಡಪಟ್ಟಿಗಳನ್ನು ಹತ್ತಿರ ಹತ್ತಿರ ಕೊಡಬೇಕಾಗುತ್ತದೆ. ಆ ಪಟ್ಟಿಗಳಾದರೋ ಮತ್ತೆ ಮರದವು, ಇಲ್ಲವೇ ಕಡಲ ಗಾಳಿಗೆ ತುಕ್ಕು ಹಿಡಿಯುವ ಕಬ್ಬಿಣದವು. ಮರ ಉಳಿಸುವ ಹಲಗೆಯ ಕೆಳಗೆ ಎಷ್ಟು ಮರವಿದೆಯೆಂದು ಯಾರೂ ಬಗ್ಗಿ ನೋಡುವುದಿಲ್ಲ. ಗೆದ್ದಲಿನ ಕಾಟ ಕಡಿಮೆಯೆಂಬುದು ನಿಜ. ಆದರೆ ಮೇಲ್ಮೈಯ ಮರದ ಪುಡಿ ನೀರು ಹೀರಿದರೆ ಅಲ್ಲಿಯೂ ಬೂಷ್ಟು ಬೆಳೆಯುತ್ತದೆ.

ಹಾಗೆಂದು ಮರದ ಪರವಾದ ತೀರ್ಪು ಸಲೀಸಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 3,500 ಮಿಲಿಮೀಟರಿಗೂ ಮಿಕ್ಕು. ಅದರಲ್ಲಿ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಮರದೊಳಗಿನ ತೇವ ಶೇ. 20ನ್ನು ಮೀರಿ ಬಹುಕಾಲ ನಿಂತರೆ ಶಿಲೀಂಧ್ರಗಳಿಗೆ ಹಬ್ಬ. ಮರದ ಒಳಗಿನ ಚೇಗು ಇದನ್ನು ತಾಳಿಕೊಳ್ಳುತ್ತದೆ, ಹೊರಸುತ್ತಿನ ಬಿಳಿಯ ಭಾಗ ತಾಳದು. ಎಳೆಯ ನೆಡುತೋಪಿನ ತೇಗದಲ್ಲಿ ಈ ಬಿಳಿಯ ಭಾಗವೇ ಹೆಚ್ಚು. ತೇಗವೆಂಬ ಹೆಸರನ್ನೇ ನಂಬಿ ಕೊಂಡವರು ನಾಲ್ಕೈದು ಮಳೆಗಾಲದಲ್ಲಿ ಮೋಸ ಹೋಗುವುದು ಹೀಗೆ. 'ಬರ್ಮಾ ತೇಗ' ಎಂದು ಮಾರುವವರನ್ನು ಅದು ಎಂದು, ಹೇಗೆ ಬಂದ ದಿಮ್ಮಿಯೆಂದು ಕೇಳಬೇಕು. ಮ್ಯಾನ್ಮಾರ್ ತನ್ನ ದಿಮ್ಮಿಗಳ ರಫ್ತನ್ನು ನಿಷೇಧಿಸಿದ್ದು 2014ರ ಏಪ್ರಿಲ್‌ನಲ್ಲಿ. ಅಗ್ಗದ ಮರಕ್ಕೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳನ್ನು ಉಣಿಸಿ ಬಾಳಿಕೆ ಹೆಚ್ಚಿಸುವ ಕ್ರಮವೂ ಇದೆ. ಮನೆಬಳಕೆಯ ಮರಕ್ಕೆ ಈ ಉಪಚಾರ ಅಮೆರಿಕದಲ್ಲಿ 2003ರ ಕೊನೆಗೆ ನಿಂತಿತು. ತೊಳೆದುಹೋಗುವ ಆರ್ಸೆನಿಕ್ ಮಣ್ಣಿಗಿಳಿಯುತ್ತದೆ ಎಂಬುದನ್ನು ಹಿತ್ತಿಲಿನಲ್ಲಿ ಬಾವಿಯಿರುವ ಮಂಗಳೂರಿಗರು ಮರೆಯುವಂತಿಲ್ಲ.

ಹಿಂದಿನವರು ಈ ಕಷ್ಟವನ್ನು ಮರದ ಜಾತಿಯಿಂದಲ್ಲ, ಮಾಡಿನಿಂದ ಪರಿಹರಿಸಿಕೊಂಡಿದ್ದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಊರೂರಿಗೆ ಹಬ್ಬಿದ ಹಂಚಿನ ಮನೆಯಲ್ಲಿ ಮರ ಧಾರಾಳವಾಗಿತ್ತು. ಆದರೆ ಮಳೆಗೆ ಒಡ್ಡಿದ ಮರ ಇರಲಿಲ್ಲ. (ಆ ಕಾರ್ಖಾನೆಗಳ ಒಲೆಗೆ ಘಟ್ಟದ ಸೌದೆ ಎಷ್ಟು ಹೋಯಿತೆಂಬುದು ಬೇರೆಯೇ ಕಥೆ.) ತೊಲೆ, ಪಕ್ಕಾಸು, ರೀಪುಗಳೆಲ್ಲ ಹಂಚಿನಡಿ ಒಣಗಿದ್ದವು. ಉದ್ದಕ್ಕೆ ಚಾಚಿದ ಸೂರಿನ ಕೆಳಗೆ ಜಗಲಿ, ಜಗಲಿಯ ನೆಲಕ್ಕೆ ಮಣ್ಣೋ ಕಲ್ಲೋ ಸುಟ್ಟ ಬಿಲ್ಲೆಯೋ. ಬಯಲಿಗೆ ಹಲಗೆ ಹಾಸುವ ರೂಢಿ ಇಷ್ಟೊಂದು ಮಳೆಯಿಲ್ಲದ ಸೀಮೆಗಳಿಂದ ಬಂದದ್ದು. ಡೆಕ್ ಬೇಕೆನ್ನುವವರು ಅದರ ಮೇಲೊಂದು ಮಾಡು ಇಳಿಸಿದರೆ ಅರ್ಧ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಆಗ ಹಿತ್ತಿಲಿನ ಹಲಸು, ಹೆಬ್ಬಲಸು ಕೂಡ ತಲೆಮಾರು ಬಾಳುತ್ತವೆ.

ಆಕಾಶ ಕಾಣಲೇಬೇಕೆಂಬ ಹಟವಿದ್ದಲ್ಲಿ ಹೊಸ ಮರ ಹುಡುಕುವ ಮೊದಲು ಕೆಡವುತ್ತಿರುವ ಮನೆಗಳತ್ತ ನೋಡಬೇಕು. ಅಲ್ಲಿನ ಹೊನ್ನೆ, ಕಿರಾಲುಬೋಗಿ, ಹೆಬ್ಬಲಸಿನ ತೊಲೆಗಳು ದಶಕಗಳ ಕಾಲ ಒಣಗಿ ನಿಂತಂಥವು. ಇನ್ನು ಬಿರಿಯುವ, ತಿರುಚುವ ಭಯ ಕಡಿಮೆ. ಅಂಥ ಚೇಗು ಇಂದಿನ ನೆಡುತೋಪುಗಳಲ್ಲಿ ಸಿಗದು. ಕಾಡಿನಲ್ಲಿ ಅಲ್ಪಸ್ವಲ್ಪ ಉಳಿದಿರುವುದನ್ನು ಮುಟ್ಟಬಾರದು. ಮೊಳೆ ಕಿತ್ತು ಸೀಳಿಸುವ ಕೂಲಿ ಹೆಚ್ಚು, ಗರಗಸದ ಹಲ್ಲು ಮುರಿಯುತ್ತದೆಂದು ಆಚಾರಿಗಳು ಗೊಣಗುವುದೂ ಉಂಟು. ಆದರೂ ಒಟ್ಟು ಲೆಕ್ಕದಲ್ಲಿ ಇದೇ ಮೇಲು. ಹಲಗೆಗಳ ನಡುವೆ ನೀರು ಇಳಿಯುವಷ್ಟು ಸಂದು, ನೆಲದಿಂದ ಒಂದಡಿಯಾದರೂ ಎತ್ತರ, ತುಕ್ಕು ಹಿಡಿಯದ ಉಕ್ಕಿನ ತಿರುಪು, ಇಷ್ಟನ್ನು ಬಿಡುವಂತಿಲ್ಲ. ಕೆಳಗಿನ ಪಟ್ಟಿಗಳಿಗೆ ಗೇರೆಣ್ಣೆ ಬಳಿಯುವುದು ಕರಾವಳಿಯ ಹಳೆಯ ಕ್ರಮ; ಗೇರು ಕಾರ್ಖಾನೆಗಳ ಈ ಊರಿನಲ್ಲಿ ಅದಕ್ಕೆ ಬರವಿಲ್ಲ. ಅದು ಚರ್ಮವನ್ನು ಸುಡುವಂಥದ್ದು, ಕೈಗೆ ಕವಚವಿಲ್ಲದೆ ಬಳಿಯಬಾರದು. ಕೂರುವ ಹಲಗೆಯ ಮೇಲಂತೂ ಬೇಡವೇ ಬೇಡ. ಬಿಳಿ ಪಂಚೆಯವರು ಕ್ಷಮಿಸುವುದಿಲ್ಲ.

ಹೊಸ ಮರವೇ ಅನಿವಾರ್ಯವಾದರೆ ರೈತರ ಜಮೀನಿನಲ್ಲಿ ಬೆಳೆದದ್ದನ್ನು ಸಾಗಾಟದ ಪರವಾನಗಿ ನೋಡಿ ಕೊಳ್ಳಬಹುದು. ಮಿಶ್ರ ಹಲಗೆಗೆ ಕೊನೆಯ ಸ್ಥಾನ. ಮರದ ಹಲಗೆ ಹಾಳಾದರೆ ಒಲೆಗೋ ಗೊಬ್ಬರದ ಗುಂಡಿಗೋ ಹೋದೀತು. ಮರದ ಪುಡಿಯೂ ಪ್ಲಾಸ್ಟಿಕ್ಕೂ ಬಿಡಿಸಲಾಗದಂತೆ ಬೆರೆತ ಹಲಗೆಯನ್ನು ಗುಜರಿಯವರು ಕೊಳ್ಳುವುದಿಲ್ಲ, ಒಲೆಗೆ ಇಡುವಂತಿಲ್ಲ. ಪಿ.ವಿ.ಸಿ. ಇದ್ದರಂತೂ ಹೊಗೆಯೇ ವಿಷ. ಅದು ತಲುಪುವ ಕಡೆ ಪಚ್ಚನಾಡಿ. 2019ರ ಆಗಸ್ಟ್‌ನ ಮಳೆಗೆ ಅಲ್ಲಿನ ಕಸದ ಗುಡ್ಡ ಜರಿದು ಕೆಳಗಿನ ಮಂದಾರದ ಅಡಿಕೆ, ತೆಂಗಿನ ತೋಟಗಳ ಮೇಲೆ ಹರಿಯಿತು. ಕುಟುಂಬಗಳು ಮನೆ ಬಿಟ್ಟು ಹೊರಡಬೇಕಾಯಿತು. ನಗರದ ಮನೆಗಳಿಂದ ಹೊರಬಿದ್ದ ಪ್ಲಾಸ್ಟಿಕ್ಕು ಆ ತೋಟಗಳಲ್ಲಿ ಆಳೆತ್ತರಕ್ಕೆ ನಿಂತಿತ್ತು.

ಈ ಮಳೆಗಾಲ ಮುಗಿದೊಡನೆ ಮತ್ತಷ್ಟು ಹಂಚಿನ ಮನೆಗಳಿಗೆ ಜೆ.ಸಿ.ಬಿ. ಬರಲಿದೆ. ಯಂತ್ರ ಕೈಹಾಕಿದರೆ ತೊಲೆಗಳು ತುಂಡಾಗಿ ಸೌದೆಯ ಬೆಲೆಗೆ ಹೋಗುತ್ತವೆ. ಅದಕ್ಕೆ ಒಂದು ವಾರ ಮೊದಲು ಆಚಾರಿಯೊಬ್ಬರನ್ನು ಕರೆದು ಮಾಡು ಬಿಚ್ಚಿಸಿದರೆ ಅಷ್ಟೂ ಮರ ಇಡಿಯಾಗಿ ಕೆಳಗಿಳಿಯುತ್ತದೆ.