ಲೌಡಾ ಗೊತ್ತು, ನಮ್ಮ ಐಶ್ವರ್ಯಾ ಗೊತ್ತೇ?

ಕನ್ನಡದ ತರುಣರೇ,

ಪದ್ಮನಾಭನಗರದ ಟೀ ಅಂಗಡಿ ಮುಂದೆ ಬೈಕ್ ನಿಲ್ಲಿಸಿ, ಮೊಬೈಲಿನಲ್ಲಿ ಹಳೆಯ ಫಾರ್ಮುಲಾ ಒನ್ ರೇಸುಗಳನ್ನು ನೋಡುವವರು ನೀವು. 1976ರ ಕಥೆ ನಿಮಗೆ ಬಾಯಿಪಾಠ. ಆಗಸ್ಟ್ 1ರಂದು ಜರ್ಮನಿಯಲ್ಲಿ ಉರಿಯುವ ಕಾರಿನೊಳಗೆ ಸಿಕ್ಕಿ ಬೆಂದ ನಿಕಿ ಲೌಡಾ ಆರೇ ವಾರದಲ್ಲಿ ಮತ್ತೆ ರೇಸಿಗಿಳಿದರು. ಜಪಾನಿನ ಕೊನೆಯ ರೇಸಿನಲ್ಲಿ ಜಡಿಮಳೆ. ಎರಡೇ ಸುತ್ತಿಗೆ ಕಾರು ನಿಲ್ಲಿಸಿದರು. ಜೇಮ್ಸ್ ಹಂಟ್ 69, ಲೌಡಾ 68. ಒಂದೇ ಅಂಕದ ಸೋಲು!

ನೋಡಿ, ಬೇಡವೆನ್ನುವುದಿಲ್ಲ. ಕೆಚ್ಚಿಗೆ ದೇಶ, ಭಾಷೆಗಳ ಗಡಿಯಿಲ್ಲ. ಆದರೆ ಒಂದು ಪ್ರಶ್ನೆ: 2019ರ ಕಥೆ ಗೊತ್ತೇ?

ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನಿನ ಬಾಹಾ ರೇಸಿನಲ್ಲಿ ಬೈಕಿನಿಂದ ಬಿದ್ದರು. ಬಾಹಾ ಎಂದರೆ ಟಾರು ಕಾಣದ ಮರಳು, ಕಲ್ಲು, ಧೂಳಿನ ಹಾದಿ. ಆ ಪೆಟ್ಟು ರೇಸ್ ಬದುಕನ್ನೇ ಮುಗಿಸುವಂಥದ್ದು. ಮರುವರ್ಷ ಮತ್ತೆ ಬೈಕ್ ಹತ್ತಿದರು. ದುಬೈನಲ್ಲಿ ಮೊದಲು, ಪೋರ್ಚುಗಲ್‌ನಲ್ಲಿ ಮೂರನೆಯ, ಬಿದ್ದ ಅದೇ ಸ್ಪೇನಿನಲ್ಲಿ ಐದನೆಯ, ಹಂಗೇರಿಯಲ್ಲಿ ನಾಲ್ಕನೆಯ ಸ್ಥಾನ. ಐಶ್ವರ್ಯಾ 65, ಪೋರ್ಚುಗಲ್‌ನ ರೀಟಾ ವಿಯೇರಾ 61. ಮಹಿಳೆಯರ ವಿಶ್ವಕಪ್ ನಮ್ಮೂರಿಗೆ! ಮೋಟಾರ್ ರೇಸಿನಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು ಅವರು. ವಯಸ್ಸು ಆಗ ಬರೀ 23.

ಬಿದ್ದು ಎದ್ದು ಒಂದು ಅಂಕದಿಂದ ಸೋತವರನ್ನು ಅರ್ಧ ಶತಮಾನದಿಂದ ನೆನೆಯುತ್ತೇವೆ. ಬಿದ್ದು ಎದ್ದು ನಾಲ್ಕು ಅಂಕದಿಂದ ಗೆದ್ದವರನ್ನು ಇಷ್ಟು ಬೇಗ ಮರೆಯುವುದೇ? ಹಿತ್ತಲ ಗಿಡ ಮದ್ದಲ್ಲವೆನ್ನುವ ಚಾಳಿ ಸಾಕು. ಇವತ್ತೇ ಆ ದೃಶ್ಯಗಳನ್ನು ಹುಡುಕಿ ನೋಡಿ. ನಿಮ್ಮ ತಂಗಿಗೂ ತೋರಿಸಿ. ಆ ಕಥೆಯನ್ನು ಕನ್ನಡದಲ್ಲಿ ಹೇಳಿ, ಕನ್ನಡದಲ್ಲೇ ಬರೆದಿಡಿ. ನಾವು ಹೇಳದಿದ್ದರೆ ಇನ್ಯಾರು ಹೇಳಬೇಕು?