ಜೆಸ್ಸಿ ಜಾಕ್ಸನ್ ಕೇಳಿ ಪಡೆದ ನಿಯಮ

2008ರ ಜನವರಿ 26. ಸೌತ್ ಕೆರೊಲಿನಾದಲ್ಲಿ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ಡೆಮಾಕ್ರಟಿಕ್ ಪಕ್ಷದ ಪ್ರೈಮರಿ. ಒಬಾಮ ಒಬ್ಬರನ್ನು ಸೋಲಿಸಲು ಗಂಡ-ಹೆಂಡತಿ ಇಬ್ಬರೂ ಬೇಕಾಯಿತೇ ಎಂದು ವರದಿಗಾರರೊಬ್ಬರು ಬಿಲ್ ಕ್ಲಿಂಟನ್ ಅವರನ್ನು ಕೆಣಕಿದರು. ಕ್ಲಿಂಟನ್ ನಕ್ಕು, 84ರಲ್ಲೂ 88ರಲ್ಲೂ ಜೆಸ್ಸಿ ಜಾಕ್ಸನ್ ಇಲ್ಲಿ ಗೆದ್ದಿದ್ದರಲ್ಲ ಎಂದರು. ಆ ಎರಡೂ ವರ್ಷ ಪಕ್ಷದ ಅಭ್ಯರ್ಥಿಯಾಗಲು ಸ್ಪರ್ಧಿಸಿದ್ದ ಕಪ್ಪು ನಾಯಕ ಜಾಕ್ಸನ್ ಹೆಸರೇ ಪ್ರಶ್ನೆಯಲ್ಲಿ ಇರಲಿಲ್ಲ. ಕಪ್ಪು ಮತದಾರರೇ ಹೆಚ್ಚಿರುವ ಪ್ರೈಮರಿಯನ್ನು ಕಪ್ಪು ಅಭ್ಯರ್ಥಿ ಗೆದ್ದರೆ ಅದೇನು ಮಹಾ ಎಂಬ ಧ್ವನಿ ಮಾತ್ರ ಎಲ್ಲರಿಗೂ ಕೇಳಿಸಿತು. ಆ ರಾತ್ರಿ ಒಬಾಮಗೆ ಶೇ 55, ಅವರ ಎದುರಾಳಿ, ಬಿಲ್ ಪತ್ನಿ ಹಿಲರಿಗೆ ಶೇ 27.

ಆ ಮಾತಿನ ಚುಚ್ಚಿನ ಬಗ್ಗೆ ವಾರಗಟ್ಟಲೆ ಗದ್ದಲವಾಯಿತು, ಆಗಬೇಕಾದದ್ದೇ. ನನಗೆ ಅದಕ್ಕಿಂತ ಸೋಜಿಗವೆನಿಸುವುದು ಬೇರೆ. ಚುನಾವಣಾ ಲೆಕ್ಕದಲ್ಲಿ ಅಷ್ಟು ಪಳಗಿದ ಮನುಷ್ಯನಿಗೆ, ತಾನು ಹಗುರವಾಗಿ ಎತ್ತಿ ಆಡಿದ ಹೆಸರೇ ತನ್ನ ಹೆಂಡತಿಯ ಕಾಲಿಗೆ ತೊಡರಿಕೊಂಡಿದೆ ಎಂಬುದು ಹೊಳೆಯಲಿಲ್ಲ.

1984ರಲ್ಲಿ ಜಾಕ್ಸನ್ ಪ್ರೈಮರಿಗಳಲ್ಲಿ ಸುಮಾರು ಶೇ 18ರಷ್ಟು ಮತ ಪಡೆದರೂ ಅಭ್ಯರ್ಥಿಯನ್ನು ಅಧಿಕೃತವಾಗಿ ಆರಿಸುವ ಪಕ್ಷದ ಸಮಾವೇಶದಲ್ಲಿ ಅವರ ಡೆಲಿಗೇಟ್‌ಗಳ (ಮತ ಹಾಕುವ ಪ್ರತಿನಿಧಿಗಳ) ಪಾಲು ಅದಕ್ಕಿಂತ ಬಹಳ ಕಡಿಮೆ ಇತ್ತು. ಶೇ 20 ದಾಟದಿದ್ದರೆ ಡೆಲಿಗೇಟ್ ಇಲ್ಲ ಎಂಬ ಷರತ್ತು ಒಂದು ಕಡೆ, ಕೆಲವು ರಾಜ್ಯಗಳಲ್ಲಿ ಗೆದ್ದವರಿಗೇ ಎಲ್ಲ ಎಂಬ ಪದ್ಧತಿ ಇನ್ನೊಂದು ಕಡೆ. 1988ರಲ್ಲಿ ಸುಮಾರು 70 ಲಕ್ಷ ಮತ ಗಳಿಸಿ ಆ ವರ್ಷ ಪಕ್ಷದ ಅಭ್ಯರ್ಥಿಯಾದ ಡುಕಾಕಿಸ್ ನಂತರದ ಸ್ಥಾನದಲ್ಲಿ ನಿಂತಾಗ ಅವರಿಗೆ ಚೌಕಾಶಿಯ ಬಲ ಬಂತು. ಉಪಾಧ್ಯಕ್ಷ ಸ್ಥಾನದ ಟಿಕೆಟ್ ಸಿಗಲಿಲ್ಲ. ಅಟ್ಲಾಂಟಾ ಸಮಾವೇಶದ ಹೊತ್ತಿಗೆ ಅವರ ಬಣ ಪಡೆದುಕೊಂಡದ್ದು ನಿಯಮ: ಶೇ 15 ದಾಟಿದ ಎಲ್ಲರಿಗೂ ಎಲ್ಲ ರಾಜ್ಯಗಳಲ್ಲೂ ಮತಕ್ಕೆ ತಕ್ಕಷ್ಟು ಡೆಲಿಗೇಟ್‌ಗಳು. ಟಿವಿಯವರಿಗೆ ಇದರಲ್ಲೇನು ರುಚಿ!

ಇಪ್ಪತ್ತು ವರ್ಷದ ನಂತರ ಅದು ಹೇಗೆ ಕೆಲಸ ಮಾಡಿತು ನೋಡಿ. ಫೆಬ್ರುವರಿ 5ರಂದು ನ್ಯೂಜೆರ್ಸಿಯಲ್ಲಿ ಹನ್ನೊಂದು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು. ಹಿಲರಿ ಹತ್ತು ಅಂಕಗಳಿಂದ ಗೆದ್ದರು, 59ಕ್ಕೆ 48 ಡೆಲಿಗೇಟ್. ಲಾಭ 11. ಅದೇ ದಿನ ಐಡಾಹೊದ ಕಾಕಸ್‌ಗಳಿಗೆ, ಅಂದರೆ ಸಭೆ ಸೇರಿ ಬೆಂಬಲ ಸೂಚಿಸುವ ಕೂಟಗಳಿಗೆ, ಬಂದವರು ಇಪ್ಪತ್ತು ಸಾವಿರದ ಆಸುಪಾಸು. ಅಲ್ಲಿ ಒಬಾಮಗೆ 15, ಹಿಲರಿಗೆ 3. ಲಾಭ 12. ಐಡಾಹೊದಲ್ಲಿ ಕಪ್ಪುಜನ ನೂರಕ್ಕೆ ಒಬ್ಬರಿದ್ದರೆ ಹೆಚ್ಚು. ಹೇಗಿದ್ದರೂ ರಿಪಬ್ಲಿಕನ್ನರ ಕೋಟೆ ಎಂದು ಹಿಲರಿ ಪಾಳಯ ಅದನ್ನು ಬಿಟ್ಟುಕೊಟ್ಟಿತ್ತು. ಒಬಾಮ ಮೂರು ದಿನ ಮೊದಲು ಬೋಯಿಸಿಯಲ್ಲಿ ಒಳಾಂಗಣ ಕ್ರೀಡಾಂಗಣವನ್ನೇ ತುಂಬಿಸಿದ್ದರು.

ಟೆಕ್ಸಸ್‌ನದು ಇನ್ನೂ ಸೂಕ್ಷ್ಮ. ಹಿಂದಿನ ಚುನಾವಣೆಗಳಲ್ಲಿ ಎಲ್ಲಿ ಡೆಮಾಕ್ರಟಿಕ್ ಮತ ಹೆಚ್ಚು ಬಿದ್ದಿತ್ತೋ ಆ ರಾಜ್ಯ ಸೆನೆಟ್ ಕ್ಷೇತ್ರಕ್ಕೆ ಹೆಚ್ಚು ಡೆಲಿಗೇಟ್. ಹಾಗಾಗಿ ಆಸ್ಟಿನ್‌ಗೂ ಹ್ಯೂಸ್ಟನ್‌ನ ಕಪ್ಪುಜನರ ಕ್ಷೇತ್ರಕ್ಕೂ ಸಿಕ್ಕಷ್ಟು, ಹಿಲರಿಯ ಬಲವಿದ್ದ ಗಡಿಭಾಗದ ಲ್ಯಾಟಿನೊ ಕ್ಷೇತ್ರಗಳಿಗೆ ಸಿಗಲಿಲ್ಲ. ಮಾರ್ಚ್ 4ರಂದು ಮತದಲ್ಲಿ ಗೆದ್ದವರು ಹಿಲರಿ. ಅದೇ ರಾತ್ರಿಯ ಕಾಕಸ್ ಲೆಕ್ಕವೂ ಸೇರಿ ಡೆಲಿಗೇಟ್‌ಗಳಲ್ಲಿ ಮುಂದಾದವರು ಒಬಾಮ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಒಹಾಯೊ, ಪೆನ್ಸಿಲ್ವೇನಿಯಾ ಎಲ್ಲವೂ ಹಿಲರಿಯವೇ. ಗೆದ್ದವರಿಗೇ ಎಲ್ಲ ಎಂಬ ಹಳೆಯ ಪದ್ಧತಿ ಎಲ್ಲೆಡೆ ಇದ್ದಿದ್ದರೆ ಒಬಾಮ ಕಥೆ ವಸಂತಕ್ಕೇ ಮುಗಿಯುತ್ತಿತ್ತು ಎಂಬುದು ನನ್ನ ಅಂದಾಜು.

ಇಷ್ಟಾಗಿ ಒಬಾಮ ಜಾಕ್ಸನ್‌ರನ್ನು ಹತ್ತಿರ ಸೇರಿಸಿಕೊಳ್ಳಲಿಲ್ಲ. ಅಯೋವಾದ ಬಿಳಿಯ ರೈತನಿಗೆ ‘ಕಪ್ಪು ಅಭ್ಯರ್ಥಿ’ಯಾಗಿ ಕಾಣಬಾರದೆಂಬ ಎಚ್ಚರ ಅದು. ತಂತ್ರವಾಗಿ ಸರಿಯೇ ಇತ್ತು, ನೋಡಲು ಚೆಂದವಿರಲಿಲ್ಲ. ಜುಲೈನಲ್ಲಿ ಟಿವಿ ಸ್ಟುಡಿಯೊದಲ್ಲಿ ಮೈಕ್ ಚಾಲೂ ಇರುವುದು ತಿಳಿಯದೆ ಜಾಕ್ಸನ್ ಒಬಾಮರನ್ನು ಒರಟಾಗಿ ಬೈದು, ಆಮೇಲೆ ಕ್ಷಮೆ ಕೇಳಿದರು.

1988ರ ಒಪ್ಪಂದಕ್ಕೆ ಇನ್ನೊಂದು ಅರ್ಧವಿತ್ತು: ಜನರಿಂದ ಆಯ್ಕೆಯಾಗದೆ ಹುದ್ದೆಯ ಬಲದಿಂದ ಮತ ಹಾಕುವ ಸೂಪರ್ ಡೆಲಿಗೇಟ್‌ಗಳ ಸಂಖ್ಯೆ ತಗ್ಗಿಸುವುದು. ಪಕ್ಷ ಅದನ್ನು ಸದ್ದಿಲ್ಲದೆ ಹಿಂತೆಗೆದುಕೊಂಡಿತ್ತು. 2008ರಲ್ಲಿ ಅವರು ಸುಮಾರು 800 ಮಂದಿ. ಚುನಾಯಿತ ಡೆಲಿಗೇಟ್‌ಗಳಲ್ಲಿ ಹಿಂದೆ ಬಿದ್ದ ಹಿಲರಿ ಕೊನೆಗೆ ವಾದ ಹೂಡಿದ್ದು ಇವರ ಮುಂದೆಯೇ. ದುಡಿಯುವ ಬಿಳಿಯರ ನಡುವೆ ಒಬಾಮ ಬೆಂಬಲ ಕುಸಿಯುತ್ತಿದೆ ಎಂದು ಮೇ ತಿಂಗಳಲ್ಲಿ ಪತ್ರಿಕೆಯೊಂದಕ್ಕೆ ಅವರು ಹೇಳಿದ್ದು ಈ ವಾದದ ಭಾಗವಾಗಿಯೇ. ಬಣ್ಣದ ಲೆಕ್ಕವನ್ನು ಅಷ್ಟು ನೇರವಾಗಿ ಮುಂದಿಡಲು ಸಾಧ್ಯವಾದದ್ದು, ಮನವೊಲಿಸಬೇಕಾದವರು ಮತದಾರರಲ್ಲ, ಪಕ್ಷದ ಯಜಮಾನರು ಎಂಬ ಕಾರಣಕ್ಕೆ. ಅಷ್ಟರಲ್ಲಿ ನಾಗರಿಕ ಹಕ್ಕುಗಳ ಹೋರಾಟದ ಹಿರಿಯ ಜಾನ್ ಲೂಯಿಸ್ ಸೇರಿ ಹಲವು ಸೂಪರ್ ಡೆಲಿಗೇಟ್‌ಗಳು ಹಿಲರಿಯನ್ನು ಬಿಟ್ಟು ಒಬಾಮ ಕಡೆಗೆ ಹೊರಳಿದ್ದರು.

ಸಮಾವೇಶದ ಮೊದಲ ಸುತ್ತಿನಲ್ಲಿ ಫಲಿತಾಂಶ ತಿರುಗಿಸುವ ಹಕ್ಕನ್ನು ಪಕ್ಷ ಸೂಪರ್ ಡೆಲಿಗೇಟ್‌ಗಳಿಂದ ಕಿತ್ತುಕೊಂಡದ್ದು 2018ರಲ್ಲಿ, ಅದೂ 2016ರ ಪ್ರೈಮರಿಗಳಲ್ಲಿ ಹಿಲರಿಗೆ ಎದುರಾಗಿದ್ದ ಬರ್ನಿ ಸ್ಯಾಂಡರ್ಸ್ ಬೆಂಬಲಿಗರ ಒತ್ತಡಕ್ಕೆ ಮಣಿದು. ಆಗ ಗಟ್ಟಿಯಾಗಿ ವಿರೋಧಿಸಿದವರಲ್ಲಿ ಸಂಸತ್ತಿನ ಕಪ್ಪು ಸದಸ್ಯರ ಕೂಟವೂ ಇತ್ತು. ಆ ಹೊತ್ತಿಗೆ ಅವರೂ ಸೂಪರ್ ಡೆಲಿಗೇಟ್‌ಗಳೇ ಆಗಿದ್ದರಲ್ಲ.