ತಟ್ಟೆ ಸಾಲದೆ ಕುಂಬಾರನಾದ ಬಾಣಸಿಗ

ಗಲ್ಫಿನಲ್ಲಿ ಕನ್ನಡಿಗರ ಹಬ್ಬ ನಡೆದರೆ ಎರಡು ಕಡೆ ಗದ್ದಲ ಇರುತ್ತದೆ. ಒಂದು ವೇದಿಕೆಯ ಮೇಲೆ, ಇನ್ನೊಂದು ಅಡುಗೆ ಕೋಣೆಯಲ್ಲಿ. ನಾವು ಎರಡನೆಯ ಕಡೆಯವರು. ಹೋಟೆಲು, ಕೆಫೆಟೇರಿಯಾ, ಕ್ಯಾಂಪಿನ ಮೆಸ್ಸುಗಳಲ್ಲಿ ದುಡಿಯುವವರು. ರಾಜ್ಯೋತ್ಸವಕ್ಕೆಂದು ರಜೆ ಹಾಕಿ ಬಂದು ಅಲ್ಲಿಯೂ ಸೌಟು ಹಿಡಿಯುವವರು ನಾವೇ. ಅದನ್ನು ಸಂತೋಷದಿಂದಲೇ ಮಾಡುತ್ತೇವೆ. ಆದರೆ "ನಿಮ್ಮಲ್ಲಿ ಕಲಾವಿದರು ಯಾರಾದರೂ ಇದ್ದೀರಾ?" ಎಂದು ಯಾರಾದರೂ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಹಾಡುವವನೊಬ್ಬ, ಹುಲಿವೇಷ ಕುಣಿಯುವವನೊಬ್ಬ ಸಿಗಬಹುದು. ಉಳಿದವರು "ನಮಗೆ ಯಾರು ಕಲಿಸಿದ್ದಾರೆ, ಪುರುಸೊತ್ತಾದರೂ ಎಲ್ಲಿದೆ?" ಎಂದು ಕೈ ಒರೆಸಿಕೊಂಡು ಒಳಗೆ ನಡೆಯುತ್ತೇವೆ.

ಈ ಮಾತನ್ನು ನಾವೇ ನಂಬಿಬಿಟ್ಟಿದ್ದೇವೆ. ಹಾಗೆ ನಂಬಬೇಕಿಲ್ಲ ಎನ್ನಲು ಜಪಾನಿನ ಕಿತಾವೊಜಿ ರೊಸಾಂಜಿನ್ ಅವರ ವಿಷಯ ಸ್ವಲ್ಪ ಹೇಳಬೇಕು.

ರೊಸಾಂಜಿನ್ ಹುಟ್ಟಿದ್ದು 1883ರಲ್ಲಿ, ಕ್ಯೋಟೊದಲ್ಲಿ. ಹುಟ್ಟುವ ಮೊದಲೇ ತಂದೆ ತೀರಿಹೋಗಿದ್ದರು. ಮಗು ಒಂದು ಮನೆಯಿಂದ ಇನ್ನೊಂದು ಮನೆಗೆ ದಾಟಿ, ಕೊನೆಗೆ ಮರದ ಅಚ್ಚು ಕೆತ್ತುವವರೊಬ್ಬರ ಸಾಕುಮಗನಾಯಿತು. ಆ ಮನೆಯಲ್ಲಿ ಸಣ್ಣ ವಯಸ್ಸಿಗೇ ಅಡುಗೆ ಕೆಲಸ ಕೈಗೆ ಬಂತು. ಅಕ್ಷರ ಬರೆಯುವ ಕಲೆಯನ್ನು ತಾವೇ ಅಭ್ಯಾಸ ಮಾಡಿಕೊಂಡರು. 1904ರಲ್ಲಿ ಟೋಕಿಯೊದ ಪ್ರದರ್ಶನವೊಂದರಲ್ಲಿ ಅವರ ಬರಹಕ್ಕೆ ಬಹುಮಾನ ಬಂತು. ಆಮೇಲೆ ಮುದ್ರೆ ಕೆತ್ತುವುದು, ಅಂಗಡಿಗಳಿಗೆ ಮರದ ಬೋರ್ಡು ಕೆತ್ತುವುದು, ಹೀಗೆ ಹೊಟ್ಟೆಪಾಡು ಸಾಗಿತು.

ಟೋಕಿಯೊದಲ್ಲಿ ಪಾಲುದಾರರೊಬ್ಬರ ಜೊತೆ ಹಳೆಯ ಸಾಮಾನಿನ ಅಂಗಡಿ ಇಟ್ಟರು. ಮಾರಾಟಕ್ಕಿದ್ದ ಹಳೆಯ ತಟ್ಟೆ ಬಟ್ಟಲುಗಳಲ್ಲೇ ಗಿರಾಕಿಗಳಿಗೆ ತಾವು ಮಾಡಿದ ಅಡುಗೆ ಬಡಿಸತೊಡಗಿದರು. ಅಡುಗೆಯ ಹೆಸರು ಅಂಗಡಿಯ ಹೆಸರನ್ನು ಮೀರಿ ಬೆಳೆದು 1921ರಲ್ಲಿ ಅದು ಊಟದ ಕ್ಲಬ್ಬಾಯಿತು. 1923ರ ಮಹಾ ಭೂಕಂಪದಲ್ಲಿ ಅಂಗಡಿ ಹೋಯಿತು. 1925ರಲ್ಲಿ ಹೊಶಿಗಾವೊಕಾ ಸಾರ್ಯೊ ಎಂಬ ದೊಡ್ಡ ಭೋಜನಾಲಯ ಶುರುವಾಯಿತು. ಅಲ್ಲಿ ಎದುರಾದ ಕಷ್ಟ ನಮಗೆಲ್ಲ ಗೊತ್ತಿರುವಂಥದ್ದೇ: ಜನ ಹೆಚ್ಚು, ತಟ್ಟೆ ಕಡಿಮೆ. ಹಳೆಯ ಕಾಲದ ತಟ್ಟೆಗಳು ಒಂದೇ ಬಗೆಯವು ನೂರಾರು ಸಿಗುವುದಿಲ್ಲ. ಪೇಟೆಯ ಹೊಸ ತಟ್ಟೆ ಅವರ ಕಣ್ಣಿಗೆ ಹಿಡಿಸಲಿಲ್ಲ. ಹಾಗಾಗಿ ಕಿತಾ ಕಮಾಕುರಾ ಎಂಬಲ್ಲಿ 1927ರ ಹೊತ್ತಿಗೆ ತಮ್ಮದೇ ಆವಿಗೆ ಕಟ್ಟಿಸಿದರು. ಆಗ ಅವರಿಗೆ ನಲವತ್ತು ದಾಟಿತ್ತು.

ಯಾವ ಕುಂಬಾರ ಗುರುವಿನ ಹತ್ತಿರವೂ ಅವರು ವರ್ಷಗಟ್ಟಲೆ ಶಿಷ್ಯರಾಗಿ ಕೂತವರಲ್ಲ. ಅಲ್ಲೊಂದು ಇಲ್ಲೊಂದು ಆವಿಗೆಗೆ ಹೋಗಿ ಕೈಯಾಡಿಸಿದ್ದರು, ಅಷ್ಟೆ. ಅವರಿಗೆ ಪಾಠ ಹೇಳಿದ್ದು ಹಳೆಯ ಪಾತ್ರೆಗಳು. ಅವನ್ನು ರಾಶಿ ರಾಶಿ ಕೂಡಿಹಾಕಿ, ಕೈಯಲ್ಲಿ ಹಿಡಿದು, ಅದರಲ್ಲೇ ಉಂಡು ಕಲಿತರು. ತಾಮ್ರದಿಂದ ಹಸಿರು ಬರುವ ಒರಿಬೆ, ಮೆರುಗು ಬಳಿಯದೆ ಸೌದೆಯ ಬೆಂಕಿ ಬೂದಿಗಳ ಗುರುತನ್ನೇ ಚಿತ್ತಾರವಾಗಿ ಉಳಿಸಿಕೊಳ್ಳುವ ಬಿಜೆನ್, ಬೆಳ್ಳನೆಯ ಶಿನೊ, ಎಲ್ಲವನ್ನೂ ಪ್ರಯತ್ನಿಸಿದರು. ಎಲೆಯ ಆಕಾರದ ತಟ್ಟೆ, ಏಡಿ ಬಿಡಿಸಿದ ತಟ್ಟೆ, ಕ್ಯಾಮೆಲಿಯಾ ಹೂ ಬಿಡಿಸಿದ ದೊಡ್ಡ ಬೋಗುಣಿ ಮಾಡಿದರು. ನಮಗೆ ತುಂಬ ಹಿಡಿಸಿದ್ದು ತರಕಾರಿ ಹೆಚ್ಚುವ ಮಣೆಯ ಆಕಾರದ ಉದ್ದ ತಟ್ಟೆ. ನಾವು ದಿನಕ್ಕೆ ಹತ್ತು ಗಂಟೆ ಎದುರಿಗಿಟ್ಟುಕೊಂಡಿರುವ ಮಣೆ! ಅದರಲ್ಲೊಂದು ಚೆಂದವಿದೆ ಎಂದು ನಮಗೆ ಯಾವತ್ತೂ ಹೊಳೆದಿರಲಿಲ್ಲ.

ತಟ್ಟೆಯೆಂದರೆ ಅಡುಗೆ ಉಡುವ ಬಟ್ಟೆ ಎಂಬುದು ಅವರ ನಿಲುವು. ಇದು ನಮಗೆ ಹೊಸದೇನಲ್ಲ. ಬಾಳೆಲೆಯ ತುದಿ ಯಾವ ಕಡೆಗಿರಬೇಕು, ಉಪ್ಪು ಉಪ್ಪಿನಕಾಯಿ ಎಲ್ಲಿ, ಕೋಸಂಬರಿ ಎಲ್ಲಿ, ಅನ್ನ ಎಲ್ಲಿ ಎಂದು ನಮಗೆ ಯಾವ ಶಾಲೆಯೂ ಕಲಿಸಿಲ್ಲ. ಮೀನು ಸಾರು ಮಣ್ಣಿನ ಮಡಕೆಯಲ್ಲೇ ಇರಬೇಕು ಎಂಬುದು ನಮ್ಮ ಅಮ್ಮಂದಿರಿಗೂ ಗೊತ್ತಿತ್ತು. ಅಂಥ ನಾವು ಇಲ್ಲಿ ಥರ್ಮೊಕೋಲ್ ತಟ್ಟೆಗೆ ಪಾಯಸ ಸುರಿದು, ಅದು ಸಾಂಬಾರಿನ ಜೊತೆ ಬೆರೆಯುವುದನ್ನು ನೋಡುತ್ತ ನಿಲ್ಲುತ್ತೇವೆ. ತಟ್ಟೆ ಆರಿಸುವಾಗ ಅಡುಗೆಯವರನ್ನು ಯಾರಾದರೂ ಒಂದು ಮಾತು ಕೇಳಬಹುದಿತ್ತು.

ರೊಸಾಂಜಿನ್ ಅವರನ್ನು ದೇವರು ಮಾಡುವ ಉದ್ದೇಶ ನಮಗಿಲ್ಲ. ಮೂಗಿನ ತುದಿಯಲ್ಲೇ ಸಿಟ್ಟು, ಕೈ ದೊಡ್ಡದು. 1936ರಲ್ಲಿ ಆ ಭೋಜನಾಲಯದಿಂದಲೇ ಅವರನ್ನು ಹೊರಗೆ ಹಾಕಿದರು. ಇದ್ದಕ್ಕಿದ್ದ ಹಾಗೆ ಕೆಲಸ ಹೋಗುವುದು ಎಂದರೇನು ಎಂದು ಗಲ್ಫಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಅವರ ಕೈ ಹಿಡಿದದ್ದು, ತಟ್ಟೆ ಸಾಲದೆಂದು ಕಲಿತ ಆ ಮಣ್ಣಿನ ಕೆಲಸವೇ. 1954ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರ ಪಾತ್ರೆಗಳ ಪ್ರದರ್ಶನ ನಡೆಯಿತು. ಅದೇ ಪ್ರವಾಸದಲ್ಲಿ ಪ್ಯಾರಿಸ್ಸಿನ ಹೆಸರಾಂತ ಹೋಟೆಲಿನ ಬಾತುಕೋಳಿಯನ್ನು ತಾವು ಊರಿಂದ ತಂದ ಸೋಯಾ ಸಾಸಿನಲ್ಲಿ ಅದ್ದಿಕೊಂಡು ತಿಂದರಂತೆ. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ತರುವ ನಮಗೆ ಇದೇನು ವಿಚಿತ್ರ ಅನಿಸುವುದಿಲ್ಲ.

ಇನ್ನೊಂದು ಸಂಗತಿಯನ್ನು ಬಿಟ್ಟರೆ ತಪ್ಪಾಗುತ್ತದೆ. ತಿಗರಿಯ ಮೇಲೆ ಮಣ್ಣು ಎತ್ತುವ ಕೆಲಸವನ್ನು ಹೆಚ್ಚಾಗಿ ಅವರ ಆವಿಗೆಯ ಕೆಲಸಗಾರರೇ ಮಾಡುತ್ತಿದ್ದರು. ಅದನ್ನು ತಿದ್ದಿ, ಬಾಗಿಸಿ, ಚಿತ್ರ ಬರೆದು, ಮೆರುಗು ಕೊಡುವುದು ರೊಸಾಂಜಿನ್ ಕೆಲಸ. ಅಲ್ಲಿ ದುಡಿದವರಲ್ಲಿ ಅರಕಾವಾ ಟೊಯೊಜೊ ಕೂಡ ಒಬ್ಬರು. 1930ರಲ್ಲಿ ಮಿನೊ ಪ್ರದೇಶದಲ್ಲಿ ಶಿನೊ ಪಾತ್ರೆಯ ಚೂರೊಂದನ್ನು ಹುಡುಕಿ, ಶಿನೊ ಹುಟ್ಟಿದ ಜಾಗ ಅದೇ ಎಂದು ತೋರಿಸಿಕೊಟ್ಟವರು. 1955ರಲ್ಲಿ ಜಪಾನ್ ಸರ್ಕಾರ ಅವರಿಗೆ 'ಜೀವಂತ ರಾಷ್ಟ್ರ ನಿಧಿ' ಗೌರವ ಕೊಟ್ಟಿತು. ಅದೇ ಗೌರವವನ್ನು ರೊಸಾಂಜಿನ್ ಬೇಡವೆಂದರು. ಉಳಿದ ಕೆಲಸಗಾರರ ಹೆಸರು ಎಷ್ಟು ಜನಕ್ಕೆ ಗೊತ್ತು? ತಾನೇ ಕಲಿತವನು ಎಂದರೆ ಒಬ್ಬನೇ ಮಾಡಿದವನು ಎಂದಲ್ಲ.

ಈ ಮಾತು ನಮ್ಮ ಸಂಚಿಕೆಗಳಿಗೂ ಸಲ್ಲುತ್ತದೆ. ಪ್ರಾಯೋಜಕರಿಗೆ ಇಡೀ ಪುಟ, ನೃತ್ಯ ಮಾಡಿದ ಮಕ್ಕಳಿಗೆ ಫೋಟೊ. ಅಡುಗೆಯವರು ಮಾತ್ರ 'ಅಡುಗೆ ತಂಡ' ಎಂಬ ಎರಡು ಪದದಲ್ಲಿ ಮುಗಿದುಹೋಗುತ್ತಾರೆ. ಬರುವ ವರ್ಷದಿಂದ ಹೆಸರು ಹಾಕೋಣ, ಪಾತ್ರೆ ತೊಳೆದವರದ್ದೂ ಸೇರಿಸಿ. ಸಭಾಂಗಣದ ಮೂಲೆಯಲ್ಲಿ ಎರಡು ಮೇಜು ಹಾಕಿ, ನಮ್ಮವರು ಕೈಯಾರೆ ಮಾಡಿದ್ದನ್ನು ಇಡೋಣ. ಬಹ್ರೇನಿನಲ್ಲಿರುವವರಿಗೆ ಆಲಿ ಗ್ರಾಮ ಗೊತ್ತಿರುತ್ತದೆ. 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ದಿಲ್ಮುನ್ ಕಾಲದ ಸಮಾಧಿ ದಿಬ್ಬಗಳಿರುವ ಊರು ಅದು, ಕುಂಬಾರಿಕೆ ಇನ್ನೂ ನಡೆಯುತ್ತಿದೆ. ಶುಕ್ರವಾರ ಮಾಲಿನಲ್ಲಿ ಸುತ್ತುವ ಬದಲು ಒಮ್ಮೆ ಅಲ್ಲಿ ಹೋಗಿ ನಿಂತು ನೋಡಿದರೆ ಖರ್ಚೇನೂ ಇಲ್ಲ.

ನಮ್ಮ ರೂಮಿನಲ್ಲಿ ಕಾರ್ಕಳದ ಹುಡುಗನೊಬ್ಬನಿದ್ದಾನೆ, ತಂದೂರ್ ಸೆಕ್ಷನ್ನಿನವನು. ಸ್ಟೇಷನರಿ ಅಂಗಡಿಯಿಂದ ಮಣ್ಣಿನ ಪ್ಯಾಕೆಟ್ ತಂದು ಉಪ್ಪಿನ ಬಟ್ಟಲೊಂದನ್ನು ಮಾಡಿದ. ಎಸಿಯ ಗಾಳಿಗೆ ಒಂದು ಬದಿ ಬೇಗ ಒಣಗಿ ಬಿರುಕು ಬಿಟ್ಟಿತು. ನಾವೆಲ್ಲ ನಕ್ಕೆವು. ಅವನು ಮಾತಾಡದೆ ಎರಡನೆಯದನ್ನು ಮಾಡಿ, ಬಕಾಲಾದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನಿಧಾನ ಒಣಗಲಿ ಎಂದು ಮಂಚದ ಕೆಳಗಿಟ್ಟಿದ್ದಾನೆ. ಇವತ್ತಿಗೆ ಐದು ದಿನ. ಡ್ಯೂಟಿ ಮುಗಿಸಿ ಬಂದವರೆಲ್ಲ ಬೂಟು ಬಿಚ್ಚುವ ಮೊದಲು ಬಗ್ಗಿ ನೋಡುತ್ತಿದ್ದೇವೆ. ಇನ್ನೂ ಬಿರುಕು ಬಿಟ್ಟಿಲ್ಲ.